ಮಕ್ಕಳ ಸಲುವಾಗಿ ಊರು ಬದಲಿಸುವ ಮುನ್ನ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಎಚ್ಚರಿಸಿದರು. ಆ ಎರಡರ ಸಾಲಿಗೆ ಈಗ ಮೂರನೆಯದೊಂದು ಬಂದು ಸೇರಿದೆ: ಮಕ್ಕಳ ಶಾಲೆಗಾಗಿ ಊರು ಬದಲಿಸಿ ನೋಡು. ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ದಂಡೆಯ ಹಳ್ಳಿಗಳಲ್ಲಿ ಹೊಲ, ಕಬ್ಬು, ದನಕರುಗಳ ಜೊತೆಗೆ ತಂದೆ ಉಳಿಯುತ್ತಾನೆ. ತಾಯಿ ಮಕ್ಕಳನ್ನು ಕರೆದುಕೊಂಡು ಚಿಕ್ಕೋಡಿಗೋ ನಿಪ್ಪಾಣಿಗೋ ಅಥಣಿಗೋ ಬಂದು ಎರಡು ಕೋಣೆಯ ಬಾಡಿಗೆ ಮನೆ ಹಿಡಿಯುತ್ತಾಳೆ. ಅಮಾವಾಸ್ಯೆಗೆ, ಹಬ್ಬಕ್ಕೆ, ಜಾತ್ರೆಗೆ ಎಲ್ಲರೂ ಊರಿಗೆ ಮರಳುತ್ತಾರೆ. ಗಡಿ ತಾಲೂಕುಗಳ ಅನೇಕ ಮನೆತನಗಳಲ್ಲಿ ಇಂದು ಇದೇ ಜೀವನಕ್ರಮವಾಗಿದೆ.

ಇಂಥ ನಿರ್ಧಾರದ ಹೊತ್ತಿನಲ್ಲಿ ಮನೆಯ ಹಿರಿಯರು ಸಾಮಾನ್ಯವಾಗಿ ಮೂರು ಪ್ರಶ್ನೆ ಕೇಳುತ್ತಾರೆ. ಶಾಲೆ ಹೇಗಿದೆ? ನೀರು ಸರಿಯಾಗಿ ಬರುತ್ತದೆಯೇ? ಆ ಓಣಿಯಲ್ಲಿ ನಮ್ಮವರ ಮನೆ ಎಷ್ಟಿವೆ? ಮೊದಲಿನ ಎರಡು ಪ್ರಶ್ನೆಗಳು ಯೋಗ್ಯವಾದವು. ಮೂರನೆಯದರ ಹಿಂದೆಯೂ ಒಂದು ಸಹಜವಾದ ಕಾಳಜಿ ಇದೆ. ಗಂಡಸರಿಲ್ಲದ ಮನೆಯಲ್ಲಿ ಹೆಣ್ಣುಮಗಳು ಚಿಕ್ಕ ಮಕ್ಕಳೊಂದಿಗೆ ಇರುವಾಗ ರಾತ್ರಿ ಹೊತ್ತು ಕೂಗಿದರೆ ಓಗೊಡುವವರು ಬೇಕು. ಆದರೆ ಓಗೊಡುವವರು ನಮ್ಮವರೇ ಆಗಿರಬೇಕೆಂದು ಹೊರಟಾಗ ನಾವು ಮಕ್ಕಳಿಗೆ ಕೊಡಿಸಬೇಕೆಂದಿದ್ದ ವಿದ್ಯೆಯಲ್ಲಿ ಅರ್ಧ ಭಾಗವನ್ನು ಹೊಸ್ತಿಲಲ್ಲಿಯೇ ಕಳೆದುಕೊಳ್ಳುತ್ತೇವೆ. ಈ ವಿಷಯವನ್ನು ವಾಚಕ ಬಂಧುಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಅಂದು ಹೋದವನು ಮಗನೊಬ್ಬನೇ

ವಿದ್ಯೆಗಾಗಿ ಊರು ಬಿಡುವುದು ನಮ್ಮ ಭಾಗಕ್ಕೆ ಹೊಸತೇನಲ್ಲ. ಆದರೆ ಅಂದು ಇಡೀ ಸಂಸಾರ ಹೋಗುತ್ತಿರಲಿಲ್ಲ. ಹೆಗಲಿಗೆ ಒಂದು ಗಂಟು ಹಾಕಿಕೊಂಡು ಮಗನೊಬ್ಬನೇ ಹೋಗುತ್ತಿದ್ದನು. ರಾಯಬಾಗ ಪ್ರದೇಶವು 1949ರಲ್ಲಿ ವಿಲೀನವಾಗುವವರೆಗೆ ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿತ್ತು. ಆ ಸಂಸ್ಥಾನದ ಛತ್ರಪತಿ ಶಾಹೂ ಮಹಾರಾಜರು ಹಳ್ಳಿಯ ಮಕ್ಕಳ ತೊಂದರೆಯನ್ನು ಕಣ್ಣಾರೆ ಕಂಡವರು. ಶಾಲೆ ಇದ್ದರೂ ಉಳಿಯಲು ಸ್ಥಳವಿಲ್ಲದೆ ಹುಡುಗರು ಮರಳಿ ಹೋಗುತ್ತಿದ್ದರು. ಪೇಟೆಯಲ್ಲಿ ಪರಜಾತಿಯ ಹುಡುಗನಿಗೆ ಮನೆ ಕೊಡುವವರು ವಿರಳ. ಆದಕಾರಣ ಅವರ ಆಶ್ರಯದಲ್ಲಿ ಕೊಲ್ಲಾಪುರದಲ್ಲಿ 1901ರಲ್ಲಿ ಮರಾಠಾ ಮತ್ತು ಜೈನ ಬೋರ್ಡಿಂಗುಗಳು, 1906ರಲ್ಲಿ ಮುಸ್ಲಿಂ ಬೋರ್ಡಿಂಗು, 1907ರಲ್ಲಿ ಲಿಂಗಾಯತ ಬೋರ್ಡಿಂಗು, 1908ರಲ್ಲಿ ಅಸ್ಪೃಶ್ಯರೆನಿಸಿಕೊಂಡ ಮಕ್ಕಳಿಗಾಗಿ ಮಿಸ್ ಕ್ಲಾರ್ಕ್ ವಸತಿಗೃಹ, ಹೀಗೆ ಒಂದರ ಹಿಂದೆ ಒಂದು ತೆರೆದವು. 1917ರಲ್ಲಿ ಸಂಸ್ಥಾನದಲ್ಲಿ ಕಡ್ಡಾಯ ಉಚಿತ ಪ್ರಾಥಮಿಕ ಶಿಕ್ಷಣದ ಕಾಯದೆಯೂ ಬಂದಿತು.

ಅತ್ತ ಬೆಳಗಾವಿಯಲ್ಲಿ ಸಪ್ತರ್ಷಿಗಳೆಂದು ಹೆಸರಾದ ಮಹನೀಯರು 1916ರ ನವೆಂಬರ್ 13ರಂದು ಕೆ.ಎಲ್.ಇ. ಸಂಸ್ಥೆಗೆ ಅಡಿಗಲ್ಲಿಟ್ಟರು. ನಾಗನೂರು ರುದ್ರಾಕ್ಷಿಮಠದ ಪೂಜ್ಯ ಶಿವಬಸವ ಸ್ವಾಮಿಗಳು ಬಡ ವಿದ್ಯಾರ್ಥಿಗಳಿಗಾಗಿ ಪ್ರಸಾದ ನಿಲಯ ನಡೆಸಿದರು. ಆ ಪ್ರಸಾದ ನಿಲಯದ ಅನ್ನವುಂಡು ವಕೀಲರಾದವರು, ವೈದ್ಯರಾದವರು, ಶಿಕ್ಷಕರಾದವರು ನಮ್ಮ ಅನೇಕ ಊರುಗಳಲ್ಲಿ ಇದ್ದಾರೆ.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಜಾತಿಗೊಂದರಂತೆ ಬೋರ್ಡಿಂಗು ಏಳಬೇಕಾಗಿ ಬಂದುದು ಊರಿನ ಬಾಗಿಲುಗಳು ಮುಚ್ಚಿದ್ದ ಕಾರಣದಿಂದ. ಅದು ಆ ಕಾಲದ ಅನಿವಾರ್ಯತೆ. ರಾತ್ರಿ ಬೇರೆ ಬೇರೆ ಸೂರಿನಡಿ ಮಲಗಿದ ಆ ಹುಡುಗರು ಹಗಲಿನಲ್ಲಿ ಒಂದೇ ಶಾಲೆಯ ಬೆಂಚಿನ ಮೇಲೆ ಕೂಡಲೆಂಬುದೇ ಅದರ ಗುರಿಯಾಗಿತ್ತು. ಒಂದು ಶತಮಾನ ಕಳೆದ ಮೇಲೆ ನಾವೇ ದುಡ್ಡು ಕೊಟ್ಟು ಜಾತಿಗೊಂದರಂತೆ ಕಾಲನಿ ಕಟ್ಟಿಕೊಳ್ಳುವುದಾದರೆ ಆ ಹಿರಿಯರ ಶ್ರಮಕ್ಕೆ ಬೆಲೆಯೇನು ಉಳಿಯಿತು?

ಐದು ತಾಲೂಕು, ಹಲವು ಮನೆಮಾತು

ನಮ್ಮ ಈ ಭಾಗ ಒಂದೇ ಬಣ್ಣದ ಅರಿವೆಯಲ್ಲ. ಹಲವು ಎಳೆಗಳ ಕೌದಿ. ಪುಣೆ-ಬೆಂಗಳೂರು ಹೆದ್ದಾರಿಯ ಮೇಲಿನ ನಿಪ್ಪಾಣಿ ತಂಬಾಕಿನ ಪೇಟೆ. ಬೀಡಿ ಕಟ್ಟುವ ಹೆಣ್ಣುಮಕ್ಕಳು, ವ್ಯಾಪಾರಿಗಳು, ಲಾರಿಯವರು, ರೈತರು ಕೂಡಿ ಆ ಊರು ಆಗಿದೆ. ಕನ್ನಡ, ಮರಾಠಿ, ಉರ್ದು ಮೂರೂ ಅಲ್ಲಿನ ಬೀದಿಯಲ್ಲಿ ಕೇಳಿಬರುತ್ತವೆ. ಕೆ.ಎಲ್.ಇ. ಸಂಸ್ಥೆಯ ಬಾಗೇವಾಡಿ ಕಾಲೇಜು ಊರಲ್ಲಿದ್ದರೆ, ಊರಿಗೆ ಅಂಟಿಕೊಂಡೇ ಇರುವ ಅರ್ಜುನನಗರದ ದೇವಚಂದ ಕಾಲೇಜು ಮಹಾರಾಷ್ಟ್ರದ ಕಾಗಲ್ ತಾಲೂಕಿಗೆ ಸೇರಿದೆ. ನಿಪ್ಪಾಣಿಯ ಹುಡುಗನು ನಡೆದುಕೊಂಡೇ ಬೇರೆ ರಾಜ್ಯದ ಕಾಲೇಜಿಗೆ ಹೋಗಿಬರುತ್ತಾನೆ.

ಚಿಕ್ಕೋಡಿ ಕಚೇರಿಗಳ ಊರು, ಶೈಕ್ಷಣಿಕ ಜಿಲ್ಲೆಯ ಕೇಂದ್ರ. ನೌಕರಿಯ ನಿಮಿತ್ತ ನಾಡಿನ ನಾನಾ ಕಡೆಯಿಂದ ಬಂದವರು ಅಲ್ಲಿ ಇದ್ದಾರೆ. ಅದೇ ತಾಲೂಕಿನ ಸದಲಗಾದಲ್ಲಿ 1946ರಲ್ಲಿ ಜನಿಸಿ, ಕನ್ನಡ ಮನೆಮಾತಿನಲ್ಲಿ ಬೆಳೆದ ಬಾಲಕನೇ ಮುಂದೆ ಜೈನಾಚಾರ್ಯ ವಿದ್ಯಾಸಾಗರರಾಗಿ ಹಿಂದಿಯಲ್ಲಿ ‘ಮೂಕಮಾಟಿ’ ಮಹಾಕಾವ್ಯ ಬರೆದರು. ಕಾಗವಾಡ ತಾಲೂಕಿನ ಶೇಡಬಾಳವು ಆಚಾರ್ಯ ವಿದ್ಯಾನಂದ ಮುನಿಗಳ ಜನ್ಮಸ್ಥಳ. ಅವರು ಹುಟ್ಟಿದ್ದು 1925ರಲ್ಲಿ. ಕಾಗವಾಡದವರಿಗೆ ಬೆಳಗಾವಿಗಿಂತ ಮಿರಜ, ಸಾಂಗಲಿ ಬಹಳ ಹತ್ತಿರ. ದವಾಖಾನೆಗೂ ಸಂತೆಗೂ ಬೀಗರ ಮನೆಗೂ ಅವರು ಗಡಿ ದಾಟುತ್ತಾರೆ. ಶೇಡಬಾಳ, ಉಗಾರ ಖುರ್ದ, ಕುಡಚಿ, ಚಿಂಚಲಿ, ರಾಯಬಾಗ ಮೂಲಕ ಸಾಗುವ ಮಿರಜ-ಬೆಳಗಾವಿ ರೈಲು ಈ ಊರುಗಳನ್ನೆಲ್ಲ ಒಂದೇ ದಾರದಲ್ಲಿ ಪೋಣಿಸಿದೆ. ಚಿಂಚಲಿಯ ಮಾಯಕ್ಕನ ಜಾತ್ರೆಗೆ ಎರಡೂ ರಾಜ್ಯಗಳ ಭಕ್ತರು ಹರಿದು ಬರುತ್ತಾರೆ.

ಅಥಣಿಯೆಂದರೆ ಮುರುಘೇಂದ್ರ ಶಿವಯೋಗಿಗಳ ಗಚ್ಚಿನಮಠ. ಅಥಣಿಯೆಂದರೆ ಚರ್ಮದ ಚಪ್ಪಲಿಯೂ ಹೌದು. ಕೊಲ್ಲಾಪುರಿ ಎಂದು ಲೋಕವೆಲ್ಲ ಕರೆಯುವ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಬೆಳಗಾವಿ ಸೇರಿದಂತೆ ಕರ್ನಾಟಕದ ನಾಲ್ಕು ಜಿಲ್ಲೆಗಳೂ ಅದರಲ್ಲಿ ಸೇರಿದವು. ಅಥಣಿ, ನಿಪ್ಪಾಣಿ, ಮದಭಾವಿಗಳ ಕುಶಲಕರ್ಮಿಗಳ ಕೈಗೆ ಸಂದ ಗೌರವವದು. ಹರಳಯ್ಯ ಶರಣರನ್ನು ನೆನೆಯುವ ನಮಗೆ ಆ ಓಣಿ ಪರರ ಓಣಿ ಆಗಬಹುದೇ?

1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿದಂದಿನಿಂದ ಗಡಿಯ ಪ್ರಶ್ನೆ ಆಗಾಗ ಕಾವೇರುತ್ತ ಬಂದಿದೆ. 2022ರ ಡಿಸೆಂಬರ್‌ನಲ್ಲಿ ಎರಡೂ ರಾಜ್ಯಗಳ ನಡುವೆ ಬಸ್ ಸಂಚಾರವೇ ಕೆಲಕಾಲ ಸ್ಥಗಿತಗೊಂಡಿತು. ಇಂಥ ದಿನಗಳಲ್ಲಿ ಮೊದಲು ಪೆಟ್ಟು ಬೀಳುವುದು ಗಡಿ ದಾಟಿ ಕಾಲೇಜಿಗೆ ಹೋಗುವ ಮಕ್ಕಳಿಗೆ, ದವಾಖಾನೆಗೆ ಹೊರಟ ವೃದ್ಧರಿಗೆ. ಆಗ ನಮ್ಮನ್ನು ಕಾಯುವುದು ಪಕ್ಕದ ಮನೆಯ ಕಾಕಾ, ಎದುರು ಮನೆಯ ವೈನಿ. ಅವರ ಮನೆಮಾತು ಯಾವುದೆಂಬುದು ಆ ಗಳಿಗೆಯಲ್ಲಿ ಯಾರಿಗೂ ನೆನಪಿರುವುದಿಲ್ಲ.

ಶಾಲೆಯನ್ನು ಅಳೆಯುವ ಬಗೆ

ಈಗ ಶಾಲೆಯ ವಿಚಾರಕ್ಕೆ ಬರೋಣ. ಜಾಹೀರಾತಿನ ಫಲಕದ ಮೇಲೆ ಅಂಕ ಪಡೆದ ಮಕ್ಕಳ ಭಾವಚಿತ್ರ ನೋಡಿ ಶಾಲೆ ಆರಿಸುವುದು ಇಂದಿನ ರೂಢಿ. ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆ 2017 ಮತ್ತು 2018ರ ಎಸ್.ಎಸ್.ಎಲ್.ಸಿ. ಫಲಿತಾಂಶದಲ್ಲಿ ರಾಜ್ಯಕ್ಕೆ ಮೂರನೆಯ ಸ್ಥಾನ ಪಡೆದು ನಮ್ಮೆಲ್ಲರಿಗೆ ಹೆಮ್ಮೆ ತಂದಿತು. ಮರುವರ್ಷವೇ ಮೊದಲ ಮೂರು ಸ್ಥಾನಗಳು ಹಾಸನ, ರಾಮನಗರ, ಬೆಂಗಳೂರು ಗ್ರಾಮಾಂತರ ಜಿಲ್ಲೆಗಳ ಪಾಲಾದವು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮರಾ ಕಣ್ಗಾವಲು ಬಂದಾಗ ಇಡೀ ರಾಜ್ಯದ ಫಲಿತಾಂಶವೇ ಹಿಂದಿನ ವರ್ಷದ 83.89ರಿಂದ ಶೇಕಡಾ 73.40ಕ್ಕೆ ಇಳಿಯಿತು. ಸ್ಥಾನಮಾನ ವರ್ಷದಿಂದ ವರ್ಷಕ್ಕೆ ಬದಲಾಗುವಂಥದು. ಅದನ್ನೇ ನಂಬಿ ಮನೆ ಬದಲಿಸಲಾಗದು.

ಅದರ ಬದಲು ಶಾಲೆಯ ಅಂಗಳಕ್ಕೆ ಒಂದು ಸಲ ಹೋಗಿ ಬನ್ನಿರಿ. ಶಿಕ್ಷಣ ಹಕ್ಕು ಕಾಯದೆಯ ಪ್ರಕಾರ ಕೆಳಗಿನ ತರಗತಿಗಳಲ್ಲಿ 30 ಮಕ್ಕಳಿಗೆ ಒಬ್ಬ ಶಿಕ್ಷಕರಿರಬೇಕು. ಅಷ್ಟು ಜನ ಇದ್ದಾರೆಯೇ? ಗಣಿತ, ವಿಜ್ಞಾನದ ಹುದ್ದೆಗಳು ಖಾಲಿ ಇವೆಯೇ? ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರಿದೆಯೇ, ಅದರ ಕೀಲಿ ಯಾರ ಕೈಯಲ್ಲಿದೆ? ಪುಸ್ತಕಗಳು ಕಪಾಟಿನಲ್ಲಿ ಧೂಳು ಹಿಡಿದಿವೆಯೋ, ಮಕ್ಕಳ ಕೈಯಲ್ಲಿವೆಯೋ? ಮಧ್ಯಾಹ್ನದ ಊಟಕ್ಕೆ ಎಲ್ಲ ಮಕ್ಕಳೂ ಒಂದೇ ಸಾಲಿನಲ್ಲಿ ಕೂಡುತ್ತಾರೆಯೇ? ಈ ಕೊನೆಯ ಪ್ರಶ್ನೆಗೆ ಕಣ್ಣಾರೆ ಕಂಡ ಉತ್ತರವು ಆ ಶಾಲೆಯ ಸಂಸ್ಕಾರವನ್ನು ಹೇಳಿಬಿಡುತ್ತದೆ.

ಮಾಧ್ಯಮದ ಪ್ರಶ್ನೆ ನಮ್ಮ ಭಾಗದಲ್ಲಿ ಸೂಕ್ಷ್ಮವಾದುದು. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಅನುಕೂಲ ಒದಗಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಅದರಂತೆ ಇಲ್ಲಿ ಕನ್ನಡ, ಮರಾಠಿ, ಉರ್ದು ಶಾಲೆಗಳು ಅಕ್ಕಪಕ್ಕದಲ್ಲಿಯೇ ನಡೆದಿವೆ. ಅತ್ತ ಮಹಾರಾಷ್ಟ್ರದ ಜತ್ತ ತಾಲೂಕಿನಲ್ಲಿ ಕನ್ನಡ ಶಾಲೆಗಳು ನಡೆದಿರುವುದೂ ಇದೇ ನ್ಯಾಯದಿಂದ. ಇಲ್ಲಿ ಮರಾಠಿ ಶಾಲೆಯನ್ನು ಗೌರವಿಸುವವನಿಗೆ ಮಾತ್ರ ಅಲ್ಲಿ ಕನ್ನಡ ಶಾಲೆಯನ್ನು ಕೇಳುವ ನೈತಿಕ ಬಲ ಬರುತ್ತದೆ. 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮದಿಂದಾಗಿ ಎಲ್ಲ ಶಾಲೆಗಳ ಮಕ್ಕಳೂ ಕನ್ನಡ ಕಲಿಯುವಂತಾಗಿದೆ. ನೆರೆಮನೆಯ ಮರಾಠಿ ಹುಡುಗಿ ನಿಮ್ಮ ಮಗಳಿಂದ ಕನ್ನಡದ ಮಾತು ಕಲಿತರೆ, ನಿಮ್ಮ ಮಗಳು ಅವಳಿಂದ ಮರಾಠಿ ಕಲಿಯುತ್ತಾಳೆ. ಇದಕ್ಕೆ ಶುಲ್ಕವಿಲ್ಲ, ಟ್ಯೂಷನ್ ಬೇಕಿಲ್ಲ; ಜಗುಲಿಯೊಂದು ಸಾಕು.

ಅವಸರದಲ್ಲಿ ಕೈತಪ್ಪುವ ಸೌಲಭ್ಯಗಳು

ಊರು ಬದಲಿಸುವವರು ತಿಳಿದಿರಲೇಬೇಕಾದ ಒಂದೆರಡು ನಿಯಮಗಳಿವೆ. ಇವು ಅನೇಕ ಪಾಲಕರಿಗೆ ತಡವಾಗಿ ತಿಳಿಯುತ್ತವೆ.

ಬೆಳಗಾವಿ ಜಿಲ್ಲೆಯ ಜವಾಹರ ನವೋದಯ ವಿದ್ಯಾಲಯವು ಚಿಕ್ಕೋಡಿ ತಾಲೂಕಿನ ಕೋಥಳಿಯಲ್ಲಿದೆ. ಆರನೆಯ ತರಗತಿಗೆ ಪರೀಕ್ಷೆಯ ಮೂಲಕ ಪ್ರವೇಶ. ಪರೀಕ್ಷೆಯನ್ನು ಕನ್ನಡದಲ್ಲಿಯೂ ಬರೆಯಬಹುದು. ಕನಿಷ್ಠ ಶೇಕಡಾ 75 ಸ್ಥಾನಗಳು ಗ್ರಾಮೀಣ ಮಕ್ಕಳಿಗೆ ಮೀಸಲು. ಆದರೆ ಈ ಸೌಲಭ್ಯ ಪಡೆಯಲು ಮಗು 3, 4, 5ನೆಯ ತರಗತಿಗಳನ್ನು ಗ್ರಾಮೀಣ ಪ್ರದೇಶದ ಶಾಲೆಯಲ್ಲಿಯೇ ಪೂರ್ಣವಾಗಿ ಓದಿರಬೇಕು. ಮೂರನೆಯ ತರಗತಿಗೆ ಪೇಟೆಗೆ ಕರೆತಂದ ಮಗುವಿಗೆ ಆ ಬಾಗಿಲು ಕಿರಿದಾಗುತ್ತದೆ. ನವೋದಯದ ಇನ್ನೊಂದು ವಿಶೇಷವನ್ನೂ ಹೇಳಬೇಕು. ಒಂಬತ್ತನೆಯ ತರಗತಿಯಲ್ಲಿ ಶೇಕಡಾ 30ರಷ್ಟು ಮಕ್ಕಳನ್ನು ಹಿಂದಿ ಪ್ರದೇಶದ ವಿದ್ಯಾಲಯಗಳೊಂದಿಗೆ ಒಂದು ವರ್ಷದ ಮಟ್ಟಿಗೆ ವಿನಿಮಯ ಮಾಡಿಕೊಳ್ಳುತ್ತಾರೆ. ಬೇರೆ ಜನರೊಡನೆ ಬಾಳುವುದೂ ಒಂದು ಪಾಠವೆಂದು ಆ ಶಾಲೆಯವರು ಬಗೆದಿದ್ದಾರೆ.

ಇನ್ನು ವೃತ್ತಿ ಶಿಕ್ಷಣಕ್ಕೆ ಸಿ.ಇ.ಟಿ. ಮೂಲಕ ಪ್ರವೇಶ ಪಡೆಯುವಾಗ ಗ್ರಾಮೀಣ ವಿದ್ಯಾರ್ಥಿಗಳಿಗೆ ಶೇಕಡಾ 15, ಕನ್ನಡ ಮಾಧ್ಯಮದವರಿಗೆ ಶೇಕಡಾ 5 ಸ್ಥಾನಗಳ ಮೀಸಲಾತಿ ಇದೆ. ಇವೆರಡಕ್ಕೂ ಒಂದರಿಂದ ಹತ್ತನೆಯ ತರಗತಿಯವರೆಗಿನ ಹತ್ತೂ ವರ್ಷಗಳ ವ್ಯಾಸಂಗವನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ನಡುವೆ ಒಂದು ವರ್ಷ ಪೇಟೆಯ ಶಾಲೆಯಲ್ಲಿ ಓದಿದರೂ ಗ್ರಾಮೀಣ ಹಕ್ಕು ಹೋಗುತ್ತದೆ. ನೋಡಲು ಹಳ್ಳಿಯಂತಿದ್ದರೂ ಯಕ್ಸಂಬಾ, ಬೋರಗಾಂವ, ಚಿಂಚಲಿ, ಐನಾಪುರಗಳಂಥ ಊರುಗಳಿಗೆ ಪಟ್ಟಣ ಪಂಚಾಯಿತಿ ಬಂದಿದೆ ಎಂಬುದನ್ನೂ ಮರೆಯಬಾರದು. ದಾಖಲಾತಿಗೆ ಮೊದಲು ಮುಖ್ಯೋಪಾಧ್ಯಾಯರನ್ನು ಕಂಡು ಶಾಲೆಯ ಸ್ಥಳ ಗ್ರಾಮೀಣವೋ ನಗರವೋ ಎಂದು ಕೇಳಿ ತಿಳಿಯುವುದು ಲೇಸು. ಒಮ್ಮೊಮ್ಮೆ ಊರು ಬಿಡದೆ ಊರಿನ ಶಾಲೆಯನ್ನೇ ಸುಧಾರಿಸಲು ನಾಲ್ಕು ಮನೆತನದವರು ಕೂಡಿ ನಿಂತರೆ, ಬಾಡಿಗೆಯ ದುಡ್ಡಿಗಿಂತ ಕಡಿಮೆ ಖರ್ಚಿನಲ್ಲಿ ಹೆಚ್ಚಿನ ಫಲ ದೊರೆತೀತು. ಅದಕ್ಕೆಂದೇ ಪ್ರತಿ ಸರಕಾರಿ ಶಾಲೆಯಲ್ಲಿ ಪಾಲಕರ ಶಾಲಾಭಿವೃದ್ಧಿ ಸಮಿತಿ ಇದೆ.

ಓಣಿಯನ್ನು ಅರಿಯುವ ಬಗೆ

ಹೋಗಲೇಬೇಕೆಂದು ನಿಶ್ಚಯವಾದರೆ ಮನೆಯನ್ನು ಹಗಲೊಮ್ಮೆ, ಸಂಜೆಯೊಮ್ಮೆ ನೋಡಿರಿ. ಸಂಜೆ ಐದರ ಹೊತ್ತಿಗೆ ಓಣಿಯಲ್ಲಿ ಮಕ್ಕಳು ಆಡುತ್ತಾರೆಯೇ? ಆಡುವವರಲ್ಲಿ ಹೆಣ್ಣುಮಕ್ಕಳಿದ್ದಾರೆಯೇ? ಕಿರಾಣಿ ಅಂಗಡಿಯವನು ಎಷ್ಟು ಭಾಷೆಯಲ್ಲಿ ಗಿರಾಕಿಗಳನ್ನು ಮಾತನಾಡಿಸುತ್ತಾನೆ? ಗಣಪತಿಗೆ, ಉರುಸಿಗೆ, ಬಸವ ಜಯಂತಿಗೆ, ಮಹಾವೀರ ಜಯಂತಿಗೆ, ಅಂಬೇಡ್ಕರ್ ಜಯಂತಿಗೆ ಚಂದಾ ಕೊಡುವವರು ಯಾರು, ಬಂದು ಕೂಡುವವರು ಯಾರು? ಶಾಲೆಗೆ ಹೋಗುವ ದಾರಿಯಲ್ಲಿ ಹೆದ್ದಾರಿ ದಾಟಬೇಕೇ? ಇವನ್ನೆಲ್ಲ ವಿಚಾರಿಸಲು ಏಜೆಂಟನು ಬೇಕಿಲ್ಲ, ಅರ್ಧ ದಿನದ ಬಿಡುವು ಸಾಕು.

ಪ್ಲಾಟು ಕೊಳ್ಳುವವರು ಅದು ಎನ್.ಎ. ಆಗಿದೆಯೇ, ಉತಾರ ಯಾರ ಹೆಸರಿನಲ್ಲಿದೆ ಎಂದು ನೋಡುವುದರ ಜೊತೆಗೆ 2005, 2019, 2021ರ ಮಹಾಪೂರದಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂದು ಹತ್ತಿರದ ಹಿರಿಯರನ್ನು ಕೇಳಬೇಕು. ನದಿ ತನ್ನ ದಾರಿಯನ್ನು ಮರೆಯುವುದಿಲ್ಲ. ಆ ಪೂರದ ದಿನಗಳಲ್ಲಿ ಶಾಲೆಗಳೇ ಗಂಜಿ ಕೇಂದ್ರಗಳಾದವು. ಯಾರು ಯಾವ ಪೈಕಿ ಎಂದು ಕೇಳದೆ ಎಲ್ಲರೂ ಒಂದೇ ಕೋಣೆಯಲ್ಲಿ ಹಾಸಿಕೊಂಡು ಮಲಗಿದರು. ನೀರು ಇಳಿದ ಮೇಲೆ ಆ ಪ್ರಶ್ನೆ ಮತ್ತೆ ಹುಟ್ಟಿಕೊಳ್ಳುವುದು ಎಂಥ ವಿಪರ್ಯಾಸ!

ಬಾಗಿಲು ತೆರೆಯಬೇಕಾದವರು ನಾವೇ

ಇಷ್ಟು ಹೊತ್ತು ಮನೆ ಹುಡುಕುವವರ ಮಾತಾಯಿತು. ಮನೆ ಕೊಡುವವರ ಮಾತು ಇನ್ನೂ ಉಳಿದಿದೆ. ಈ ಪೇಟೆಗಳಲ್ಲಿ ಬಾಡಿಗೆ ಮನೆಗಳ ಮಾಲೀಕರಲ್ಲಿ ನಮ್ಮ ಸಮಾಜದವರ ಸಂಖ್ಯೆ ಕಡಿಮೆಯೇನಲ್ಲ.

ಅಮೆರಿಕ ಹಾಗೂ ಇಂಗ್ಲೆಂಡಿನಲ್ಲಿ ಓದಿ ಬಂದ ಡಾ. ಬಿ.ಆರ್. ಅಂಬೇಡ್ಕರ್ ಅವರು 1917ರಲ್ಲಿ ಬರೋಡಾ ಸಂಸ್ಥಾನದ ನೌಕರಿಗೆ ಸೇರಿದಾಗ ಆ ದೊಡ್ಡ ಪಟ್ಟಣದಲ್ಲಿ ಅವರಿಗೆ ಮನೆ ದೊರೆಯಲಿಲ್ಲ. ಪಾರಸಿ ವಸತಿಗೃಹವೊಂದರಲ್ಲಿ ಹೆಸರು ಮರೆಸಿಕೊಂಡು ಉಳಿದರು. ಗುರುತು ಹತ್ತಿದೊಡನೆ ಜನ ಬಡಿಗೆ ಹಿಡಿದು ಬಂದು ಹೊರಗೆ ಹಾಕಿದರು. ನೌಕರಿಯನ್ನೇ ಬಿಟ್ಟು ಅವರು ಮುಂಬಯಿಗೆ ಮರಳಬೇಕಾಯಿತು. ಪಾಂಡಿತ್ಯವಿತ್ತು, ಅಧಿಕಾರವಿತ್ತು, ಬಾಡಿಗೆ ಕೊಡಲು ಹಣವಿತ್ತು. ಇರದಿದ್ದುದು ತೆರೆದ ಒಂದು ಬಾಗಿಲು ಮಾತ್ರ. ಅದೇ ಮಹನೀಯರು 1925ರ ಏಪ್ರಿಲ್‌ನಲ್ಲಿ ನಮ್ಮ ನಿಪ್ಪಾಣಿಗೆ ಬಂದು ಮುಂಬಯಿ ಪ್ರಾಂತದ ಬಹಿಷ್ಕೃತರ ಪರಿಷತ್ತಿನ ಅಧ್ಯಕ್ಷತೆ ವಹಿಸಿದರು. ಅದಾಗಿ ನೂರು ವರ್ಷಗಳು ತುಂಬಿವೆ. ಇಂದು ನಿಪ್ಪಾಣಿಯಲ್ಲಾಗಲಿ ಅಥಣಿಯಲ್ಲಾಗಲಿ ಹೊಸದಾಗಿ ವರ್ಗವಾಗಿ ಬಂದ ಶಿಕ್ಷಕಿಯೊಬ್ಬಳು ಮನೆ ಕೇಳಲು ಬಂದಾಗ ಹೆಸರಿನ ನಂತರ ನಾವು ಕೇಳುವ ಎರಡನೆಯ ಪ್ರಶ್ನೆ ಯಾವುದು? ಪ್ರತಿಯೊಬ್ಬರೂ ತಮ್ಮ ತಮ್ಮ ಮನಸ್ಸನ್ನು ಕೇಳಿಕೊಳ್ಳಬೇಕು.

ನಮ್ಮದು ಸಸ್ಯಾಹಾರದ ಮನೆ, ಅದಕ್ಕಾಗಿ ವಿಚಾರಿಸುತ್ತೇವೆ ಎಂದು ಕೆಲವರು ಹೇಳಬಹುದು. ಮನೆಯ ಆಚಾರವನ್ನು ಸ್ಪಷ್ಟವಾಗಿ, ವಿನಯದಿಂದ ತಿಳಿಸುವುದು ಬೇರೆ. ಮನುಷ್ಯನ ಜಾತಿ ಕೇಳಿ ಮನೆ ಖಾಲಿ ಇಲ್ಲವೆಂದು ಸುಳ್ಳು ಹೇಳುವುದು ಬೇರೆ. ಮೊದಲನೆಯದರಲ್ಲಿ ಬಂದವನಿಗೆ ಆಯ್ಕೆ ಉಳಿಯುತ್ತದೆ. ಎರಡನೆಯದರಲ್ಲಿ ಅವಮಾನ ಮಾತ್ರ ಉಳಿಯುತ್ತದೆ. ನಮ್ಮ ಮಗ ನಾಳೆ ಪುಣೆಗೋ ಬೆಂಗಳೂರಿಗೋ ಇನ್ನೂ ದೂರದ ದೇಶಕ್ಕೋ ಹೋಗಿ ಮನೆ ಹುಡುಕುವಾಗ ಅವನ ಭಾಷೆ, ಬಣ್ಣ, ಹೆಸರು ಕೇಳಿ ಬಾಗಿಲು ಮುಚ್ಚಿದರೆ ನಮ್ಮ ಕರುಳಿಗೆ ಹೇಗೆನಿಸೀತು?

ಹನ್ನೆರಡನೆಯ ಶತಮಾನದ ಕಲ್ಯಾಣವೂ ವಲಸೆ ಬಂದವರ ಊರೇ ಆಗಿತ್ತಲ್ಲವೇ? ಮಾದಾರ ಚನ್ನಯ್ಯ, ಡೋಹರ ಕಕ್ಕಯ್ಯ, ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ ಇವರನ್ನೆಲ್ಲ ಒಂದೇ ಪರಿವಾರವೆಂದು ಎಣಿಸಿದ ಪರಂಪರೆ ನಮ್ಮದು. ಮೋಳಿಗೆ ಮಾರಯ್ಯನವರು ಕಾಶ್ಮೀರದಿಂದ, ಮರುಳಶಂಕರದೇವರು ಅಫಘಾನಿಸ್ತಾನದ ಕಡೆಯಿಂದ ಬಂದರೆಂದು ಆ ಪರಂಪರೆ ಹೇಳುತ್ತದೆ. ಅವರು ಬಂದುದು ಅಲ್ಲಿನ ಮಹಾಮನೆಯ ಬಾಗಿಲು ತೆರೆದಿದ್ದ ಕಾರಣದಿಂದ. ಮಹಾಮನೆಯನ್ನು ಪೂಜಾಮಂದಿರದ ಚಿತ್ರಪಟದಲ್ಲಿ ಇಟ್ಟು, ನಮ್ಮ ಮನೆಯ ಬಾಗಿಲಿಗೆ ಮಾತ್ರ ಅಗುಳಿ ಹಾಕುವುದು ಶರಣರ ಮಾರ್ಗವಲ್ಲ.

ಮಾಡಬೇಕಾದ ಕೆಲಸಗಳೇನೂ ದೊಡ್ಡವಲ್ಲ. ಓಣಿಗೆ ಹೊಸ ಸಂಸಾರ ಬಂದ ದಿನ ನಾಲ್ಕು ರೊಟ್ಟಿ, ಒಂದು ಪಲ್ಯ ಕಳಿಸಿರಿ. ನೀರು ಬರುವ ಹೊತ್ತು, ಹಾಲಿನವರ ಮನೆ, ಒಳ್ಳೆಯ ವೈದ್ಯರ ವಿಳಾಸ ತಿಳಿಸಿರಿ. ಅವರ ಮಗುವನ್ನು ನಿಮ್ಮ ಮಗುವಿನ ಜೊತೆಗೆ ಮೊದಲ ದಿನ ಶಾಲೆಗೆ ಕಳಿಸಿಕೊಡಿರಿ. ಒಳ್ಳೆಯ ಓಣಿ ಎಂಬುದು ದುಡ್ಡು ಕೊಟ್ಟು ಕೊಳ್ಳುವ ವಸ್ತುವಲ್ಲ. ಅಲ್ಲಿ ಮೊದಲು ಬಂದು ನೆಲೆಸಿದವರು ಆಮೇಲೆ ಬಂದವರಿಗಾಗಿ ದಿನದಿನವೂ ಕಟ್ಟಿಕೊಡುವಂಥದು. ಶಾಲೆ ಮಕ್ಕಳಿಗೆ ಅಕ್ಷರ ಕಲಿಸುತ್ತದೆ, ಓಣಿ ಅವರಿಗೆ ಮನುಷ್ಯರನ್ನು ಓದಲು ಕಲಿಸುತ್ತದೆ. ಎರಡೂ ಪಾಠಗಳು ನಮ್ಮ ಮಕ್ಕಳಿಗೆ ದೊರೆಯುವಂತಾಗಲಿ.